ಹಳೆಯ ಸಿಗಾರಿನ ರಸಾಯನ

ಹೊಸ ಅಕ್ಕಿಗಿಂತ ಹಳೆಯ ಅಕ್ಕಿಗೆ ಬೆಲೆ ಹೆಚ್ಚೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ವರ್ಷ ಕಳೆದ ಅಕ್ಕಿಯ ಅನ್ನ ಬಿಡಿಬಿಡಿಯಾಗಿ ಅರಳುತ್ತದೆ. ಉಪ್ಪು ಬೆರೆಸಿ ಜಾಡಿಯಲ್ಲಿ ತುಂಬಿಟ್ಟ ಹುಣಿಸೆಹಣ್ಣು ಕಾಲಕ್ರಮದಲ್ಲಿ ಕಪ್ಪಾಗುತ್ತದೆ, ಅದರ ರುಚಿಯೂ ಬೇರೆಯಾಗುತ್ತದೆ. ಕೆಲವು ಪದಾರ್ಥಗಳನ್ನು ಕಾಲ ಕೆಡಿಸುತ್ತದೆ, ಕೆಲವನ್ನು ಮಾಗಿಸುತ್ತದೆ. ಈ ಎರಡನೆಯ ಗುಂಪಿಗೆ ಸೇರಿದ್ದೆಂದು ಪಾಶ್ಚಾತ್ಯ ದೇಶಗಳ ಧನಿಕರು ಬಹುಕಾಲದಿಂದ ನಂಬಿ, ಪೆಟ್ಟಿಗೆಗಳಲ್ಲಿ ಕಾದಿರಿಸುತ್ತ ಬಂದಿರುವ ವಸ್ತು ಸಿಗಾರು. ಅದರಲ್ಲಿಯೂ ಕ್ಯೂಬಾ ದ್ವೀಪದ ಸಿಗಾರು ಮಾಗುವಂತೆ ಬೇರೆ ಯಾವ ದೇಶದ ಸಿಗಾರೂ ಮಾಗಲಾರದೆಂಬ ಮಾತು ಆ ವ್ಯಾಪಾರದಲ್ಲಿ ಗಾದೆಯಂತೆ ಪ್ರಚಾರದಲ್ಲಿದೆ. ಈ ಮಾತಿನಲ್ಲಿ ನಿಜವೆಷ್ಟು? ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿರುವ ಎಲೆಯಲ್ಲಿ ಆಗುವುದಾದರೂ ಏನು?

ಸಿಗಾರು ನಮಗೆ ತೀರ ಅಪರಿಚಿತವಾದ ವಸ್ತುವೇನೂ ಅಲ್ಲ. ಅದರ ಒಂದು ಬಗೆಗೆ ಇಂಗ್ಲಿಷಿನಲ್ಲಿ ಸಲ್ಲುವ ಚೆರೂಟ್ ಎಂಬ ಹೆಸರು ತಮಿಳಿನ ಸುರುಟ್ಟು ಎಂಬ ಮಾತಿನಿಂದ ಹೋದದ್ದು. ಕಾಗದವನ್ನು ಸುರುಟುವುದೆಂದು ನಾವು ಹೇಳುವ ಮಾತಿಗೂ ಅದಕ್ಕೂ ನೆಂಟಸ್ತಿಕೆ ಉಂಟು. ಒಂದು ಕಾಲದಲ್ಲಿ ತಿರುಚಿನಾಪಳ್ಳಿಯ ಚುಟ್ಟ ಎಷ್ಟು ಹೆಸರಾಗಿತ್ತೆಂದರೆ, 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲನೆಯ ಕಥೆಯಲ್ಲಿಯೇ ಅದರ ಬೂದಿಯ ಪ್ರಸ್ತಾಪವಿದೆ. ಆದರೆ ಸಿಗಾರಿನ ತವರು ಕ್ಯೂಬಾ. 1492ರಲ್ಲಿ ಕೊಲಂಬಸನ ಸಂಗಡಿಗರು ಎಲೆಯನ್ನು ಸುತ್ತಿ ಹೊಗೆ ಸೇದುವ ಜನರನ್ನು ಕಂಡದ್ದು ಅಲ್ಲಿಯೇ. ಆ ದ್ವೀಪದ ಪಶ್ಚಿಮದ ತುದಿಯಲ್ಲಿರುವ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ ವುವೆಲ್ತಾ ಅಬಾಹೊ ಎಂಬ ಕೆಂಪು ಮಣ್ಣಿನ ಸೀಮೆಯಿದೆ. ಅತ್ಯುತ್ತಮವೆನಿಸಿಕೊಂಡ ಎಲೆ ಬೆಳೆಯುವುದು ಇಲ್ಲಿ.

ಸಿಗಾರಿನಲ್ಲಿ ಹೊಗೆಸೊಪ್ಪಿನ ಹೊರತು ಬೇರೇನೂ ಇರುವುದಿಲ್ಲ. ಒಳಗೆ ಹೂರಣದ ಎಲೆ, ಅದನ್ನು ಬಿಗಿಯುವ ಕಟ್ಟಿನ ಎಲೆ, ಎಲ್ಲಕ್ಕೂ ಮೇಲೆ ನಯವಾದ ಹೊದಿಕೆಯ ಎಲೆ, ಹೀಗೆ ಮೂರು ಪದರಗಳು. ಹೂರಣದಲ್ಲಿಯೂ ಗಿಡದ ಬುಡದ ಎಲೆ ಬೇರೆ, ತುದಿಯ ಎಲೆ ಬೇರೆ. ತುದಿಯ ಎಲೆ ಬಿಸಿಲನ್ನು ಹೆಚ್ಚು ಉಂಡು ದಪ್ಪವಾಗಿ, ಜಿಡ್ಡಾಗಿ, ಘಾಟಾಗಿರುತ್ತದೆ. ಮಾಗಲು ಹೆಚ್ಚು ಕಾಲ ಬೇಡುವುದೂ ಅದೇ. ಕ್ಯೂಬಾದವರು ಇದನ್ನು ಲಿಹೇರೊ ಎನ್ನುತ್ತಾರೆ. ಬುಡದ ಎಲೆಯ ಕೆಲಸ ಚೆನ್ನಾಗಿ ಉರಿಯುವುದು, ಅಷ್ಟೆ.

ಹಸಿರೆಲೆ ಸಿಗಾರಾಗುವ ದಾರಿ ಉದ್ದವಾದುದು. ಇಲ್ಲಿ ನಮ್ಮ ನಾಡಿನ ಹೊಗೆಸೊಪ್ಪಿನೊಡನೆ ಹೋಲಿಸಿ ನೋಡಿದರೆ ವಿಷಯ ಸುಲಭವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪನ್ನು ರೈತರು ಬ್ಯಾರನ್ನಿನಲ್ಲಿ ನೇತುಹಾಕಿ, ಕೊಳವೆಗಳ ಮೂಲಕ ಬಿಸಿ ಕೊಟ್ಟು, ಸುಮಾರು ಒಂದು ವಾರದೊಳಗೆ ಒಣಗಿಸುತ್ತಾರೆ. ಎಲೆಯಲ್ಲಿದ್ದ ಪಿಷ್ಟ ಸಕ್ಕರೆಯಾಗುತ್ತಲೇ ಶಾಖವು ಎಲೆಯನ್ನು ಒಣಗಿಸಿ, ಅದರ ಕಿಣ್ವಗಳನ್ನು ಅಡಗಿಸುತ್ತದೆ. ಆದ್ದರಿಂದ ಸಕ್ಕರೆ ಎಲೆಯಲ್ಲಿಯೇ ಉಳಿಯುತ್ತದೆ, ಬಣ್ಣ ಹೊಂಬಣ್ಣವಾಗಿ ನಿಲ್ಲುತ್ತದೆ. ಇದು ಸಿಗರೇಟಿನ ಎಲೆ. ಸಿಗಾರಿನ ಎಲೆಗೆ ಬೆಂಕಿಯಿಲ್ಲ, ಅವಸರವೂ ಇಲ್ಲ. ಗಾಳಿಯಾಡುವ ದೊಡ್ಡ ಮನೆಗಳಲ್ಲಿ ಅದು ಒಂದೂವರೆ ಎರಡು ತಿಂಗಳು ನೇತಾಡುತ್ತದೆ. ಅಷ್ಟೂ ದಿನ ಎಲೆಯೊಳಗಿನ ಕಿಣ್ವಗಳು ದುಡಿಯುತ್ತಲೇ ಇರುತ್ತವೆ. ಪತ್ರಹರಿತ್ತು ಅಳಿಯುತ್ತದೆ, ಪಿಷ್ಟ ಸಕ್ಕರೆಯಾಗಿ, ಸಕ್ಕರೆಯೂ ಬಹುಮಟ್ಟಿಗೆ ವ್ಯಯವಾಗುತ್ತದೆ, ಸಸಾರಜನಕಗಳು ಒಡೆಯುತ್ತವೆ. ಹಸಿರು ಹಳದಿಗೆ, ಹಳದಿ ಕಂದಿಗೆ ತಿರುಗುತ್ತದೆ.

ಮುಂದಿನ ಹಂತವನ್ನು ನಮ್ಮ ಹಳ್ಳಿಯವರು ಕಂಡರೆ ಒಡನೆ ಗುರುತಿಸಿಯಾರು. ಒಣಗಿದ ಎಲೆಗಳಿಗೆ ತುಸು ನೀರು ಚಿಮುಕಿಸಿ ಎತ್ತರವಾಗಿ ಒಟ್ಟುತ್ತಾರೆ. ಮಳೆಗಾಲದ ಬೆಳಗ್ಗೆ ತಿಪ್ಪೆಯನ್ನು ಕೆದಕಿದರೆ ಒಳಗಿನಿಂದ ಹಬೆ ಏಳುವುದಷ್ಟೆ? ಈ ಒಟ್ಟಿಲೂ ಹಾಗೆಯೇ ತನ್ನಷ್ಟಕ್ಕೆ ತಾನು ಬಿಸಿಯಾಗುತ್ತದೆ. ಸೂಕ್ಷ್ಮಜೀವಿಗಳು, ಎಲೆಯಲ್ಲಿ ಉಳಿದ ಕಿಣ್ವಗಳು, ಗಾಳಿಯ ಆಮ್ಲಜನಕ ಈ ಮೂರೂ ಸೇರಿ ಮಾಡುವ ಕೆಲಸ ಇದು. ಒಳಗಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ, ಎಲೆ ಸುಟ್ಟುಹೋಗದಂತೆ ಒಟ್ಟಿಲನ್ನು ಬಿಚ್ಚಿ, ಹೊರಗಿನ ಎಲೆ ಒಳಗೂ ಒಳಗಿನದು ಹೊರಗೂ ಬರುವಂತೆ ಮತ್ತೆ ಕಟ್ಟುತ್ತಾರೆ. ವಾರಗಳ ಕಾಲ, ಕೆಲವು ಎಲೆಗಳಿಗೆ ತಿಂಗಳುಗಳ ಕಾಲ, ಹೀಗೆ ಕಟ್ಟಿ ಬಿಚ್ಚುವ ಕೆಲಸ ನಡೆಯುತ್ತದೆ. ಆ ಕೋಣೆಗೆ ಕಾಲಿಟ್ಟವರ ಕಣ್ಣಿನಲ್ಲಿ ನೀರು ಬರುವುದು ಅಮೋನಿಯದಿಂದ. ಗಾಳಿಯಾಡದ ದನದ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ವಾಸನೆಯೂ ಅದೇ. ಸಸಾರಜನಕಗಳು ಒಡೆದಾಗ ಬಿಡುಗಡೆಯಾಗುವ ಸಾರಜನಕದ ಒಂದು ಪಾಲು ಹೀಗೆ ಅನಿಲವಾಗಿ ಹಾರಿಹೋಗುತ್ತದೆ. ಒಗರಿಗೆ ಕಾರಣವಾದ ದ್ರವ್ಯಗಳು ಆಮ್ಲಜನಕದೊಡನೆ ಕೂಡಿ ಕಂದು ಬಣ್ಣದವಾಗುತ್ತವೆ. ಕ್ಯಾರೆಟ್ ಗೆಡ್ಡೆಗೆ ಬಣ್ಣ ಕೊಡುವ ಕೆರೊಟೀನಿನ ಜಾತಿಯ ದ್ರವ್ಯಗಳು ಎಲೆಯಲ್ಲಿಯೂ ಇರುತ್ತವಾಗಿ, ಅವು ಒಡೆದು ಸುಗಂಧವುಳ್ಳ ಸಣ್ಣ ಅಣುಗಳಾಗುತ್ತವೆ. ಹಳೆಯ ಸಿಗಾರಿನ ಪರಿಮಳವೆಂದು ಹೊಗಳಿಸಿಕೊಳ್ಳುವುದರಲ್ಲಿ ಇವುಗಳ ಪಾಲು ದೊಡ್ಡದು.

ಒಟ್ಟಿಲಿನಿಂದ ತೆಗೆದ ಎಲೆಯನ್ನು ಮೂಟೆ ಕಟ್ಟಿ ಉಗ್ರಾಣದಲ್ಲಿರಿಸುತ್ತಾರೆ. ಘಾಟಾದ ಲಿಹೇರೊ ಎಲೆಗೆ ಕ್ಯೂಬಾದಲ್ಲಿ ಕನಿಷ್ಠ ಎರಡು ವರ್ಷಗಳ ವಿಶ್ರಾಂತಿಯುಂಟು. ಆಮೇಲೆ ಎಲೆ ಸುತ್ತುವವರ ಮೇಜಿಗೆ ಬರುತ್ತದೆ. (ಹವಾನದ ಕಾರ್ಖಾನೆಗಳಲ್ಲಿ ಇವರು ಕೆಲಸ ಮಾಡುತ್ತಿರುವಾಗ ಒಬ್ಬನು ಎತ್ತರದ ಪೀಠದಲ್ಲಿ ಕುಳಿತು ವೃತ್ತಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ 1865ರಲ್ಲಿ ಪ್ರಾರಂಭವಾಯಿತು. ಕೆಲಸವನ್ನು ಹಗುರಮಾಡುವ ಇದಕ್ಕಿಂತ ಸೊಗಸಾದ ಉಪಾಯವನ್ನು ನಾವು ಕೇಳಿಲ್ಲ.)

ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಒಣ ಎಲೆಯನ್ನು ಸುತ್ತಲಾಗದು, ಮುರಿದುಹೋಗುತ್ತದೆ. ಸುತ್ತುವ ಮೊದಲು ಅದಕ್ಕೆ ಮತ್ತೆ ತೇವ ಕೊಡಬೇಕು. ತೇವ ತಗುಲಿದೊಡನೆ ಅಡಗಿದ್ದ ಕ್ರಿಯೆಗಳು ಮರಳಿ ತಲೆಯೆತ್ತುತ್ತವೆ, ಅಮೋನಿಯ ಮತ್ತೆ ಹುಟ್ಟುತ್ತದೆ. ಈ ಸಲ ಅದು ಬಿಗಿಯಾಗಿ ಸುತ್ತಿದ ಸುರುಳಿಯೊಳಗೆ ಸಿಕ್ಕಿಕೊಂಡಿರುತ್ತದೆ. ಆದುದರಿಂದ ಸುತ್ತಿ ಕೆಲವು ತಿಂಗಳಾದ ಸಿಗಾರು ಘಾಟಾಗಿ, ಕಟುವಾಗಿ ಇರುವುದುಂಟು. ವ್ಯಾಪಾರಿಗಳು ಇದನ್ನು ಸಿಗಾರಿನ ಕಾಯಿಲೆಯ ಕಾಲವೆಂದು ಕರೆಯುತ್ತಾರೆ. ಸೇದುವುದಾದರೆ ಸುತ್ತಿದ ಮೂರು ತಿಂಗಳೊಳಗೆ ಸೇದಬೇಕು, ಇಲ್ಲವಾದರೆ ವರ್ಷವಾದರೂ ಕಾಯಬೇಕು ಎಂದು ಇಂಗ್ಲೆಂಡಿನ ಹಳೆಯ ವರ್ತಕರು ಹೇಳುತ್ತಿದ್ದುದು ಈ ಕಾರಣದಿಂದ. ರಸಾಯನಶಾಸ್ತ್ರದ ಹೆಸರುಗಳು ಅವರಿಗೆ ತಿಳಿದಿರಲಿಲ್ಲವಾದರೂ ಮೂಗು ತಪ್ಪು ಹೇಳಿರಲಿಲ್ಲ.

ಮಾಗುವ ಕಾಲದಲ್ಲಿ ಸಿಗಾರನ್ನು ಇರಿಸುವ ಸ್ಥಳವೂ ಮುಖ್ಯ. ಶ್ರಾವಣದಲ್ಲಿ ಹೊರಗಿಟ್ಟ ಹಪ್ಪಳ ಮೆತ್ತಗಾಗುವಂತೆ ಹೊಗೆಸೊಪ್ಪು ಗಾಳಿಯ ತೇವವನ್ನು ಹೀರುತ್ತದೆ, ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಗಾಳಿಯ ತೇವ ಶೇಕಡ 65ರಿಂದ 70ರಷ್ಟಿರುವಂತೆ ನೋಡಿಕೊಂಡರೆ ಎಲೆ ಮುರಿಯದು, ಬೂಷ್ಟು ಹಿಡಿಯದು. ಇದಕ್ಕೆ ಬಳಸುವ ಪೆಟ್ಟಿಗೆಗಳ ಮರವನ್ನು ಸ್ಪ್ಯಾನಿಷ್ ಸೀಡರ್ ಎನ್ನುತ್ತಾರೆ. ಅದು ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕದ ಉಷ್ಣವಲಯದಲ್ಲಿ ಬೆಳೆಯುವ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ತಾಪವೂ ಮಿತಿಮೀರಬಾರದು. ಸೆಕೆ ಏರಿದರೆ ಎಲೆಯಲ್ಲಿ ಅಡಗಿರುವ ಒಂದು ಸಣ್ಣ ಕಂದು ಹುಳುವಿನ ಮೊಟ್ಟೆಗಳು ಒಡೆದು, ಮರಿಗಳು ಸಿಗಾರನ್ನು ಕೊಳಲಿನಂತೆ ತೂತುಮಾಡಿಬಿಡುತ್ತವೆ. ನಮ್ಮ ಅಡುಗೆಮನೆಯ ಅರಿಸಿನದ ಕೊಂಬಿಗೂ ಮೆಣಸಿನಕಾಯಿಗೂ ಬೀಳುವುದು ಇದೇ ಹುಳು.

ಇನ್ನು ಕ್ಯೂಬಾದ್ದೋ ಬೇರೆಯದೋ ಎಂಬ ವಾದಕ್ಕೆ ಬರೋಣ. ಈ ಭೇದ ಇಷ್ಟು ತೀಕ್ಷ್ಣವಾಗಿದ್ದರೆ ಅದಕ್ಕೆ ಮಣ್ಣಿನಷ್ಟೇ ರಾಜಕೀಯವೂ ಕಾರಣ. 1960ರಲ್ಲಿ ಕ್ಯೂಬಾದ ಕ್ರಾಂತಿ ಸರ್ಕಾರವು ಸಿಗಾರಿನ ಕಾರ್ಖಾನೆಗಳನ್ನು ರಾಷ್ಟ್ರೀಕರಿಸಿತು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿ ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸಿದರು. ಆಜ್ಞೆಗೆ ಸಹಿ ಹಾಕುವ ಮುನ್ನ ತಮಗಾಗಿ ಸಾವಿರದಷ್ಟು ಕ್ಯೂಬಾ ಸಿಗಾರುಗಳನ್ನು ತರುವಂತೆ ಅವರು ಕೇಳಿದರೆಂದೂ, ತಾನು 1,200 ತಂದುಕೊಟ್ಟೆನೆಂದೂ ಅವರ ಪತ್ರಿಕಾ ಕಾರ್ಯದರ್ಶಿ ಪಿಯೆರ್ ಸ್ಯಾಲಿಂಜರ್ ಮುಂದೆ ಬರೆದುಕೊಂಡಿದ್ದಾರೆ. ದೇಶ ಬಿಟ್ಟ ಕುಶಲಿಗಳು ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗ್ವಗಳಲ್ಲಿ ನೆಲೆಸಿದರು. ಕ್ಯೂಬಾದ ಬೀಜವೂ ಆ ನಾಡುಗಳಲ್ಲಿ ಬೇರೂರಿತು. ಆದುದರಿಂದ ಇಂದು ನಿಕರಾಗ್ವದ ಎಸ್ತೆಲಿ ಕಣಿವೆಯಲ್ಲಿ ಬೆಳೆಯುವ ಗಿಡಕ್ಕೂ ವುವೆಲ್ತಾ ಅಬಾಹೊವಿನ ಗಿಡಕ್ಕೂ ವಂಶದಲ್ಲಿ ದೂರವೇನೂ ಇಲ್ಲ. ಮಣ್ಣು, ಮಳೆ, ಬಿಸಿಲು ಬೇರೆ. ಅದಕ್ಕೆ ತಕ್ಕಂತೆ ಎಲೆಯ ಗುಣವೂ ತುಸು ಬೇರೆಯಾಗುವುದು ಸಹಜ. ಆದರೆ ಎಲೆಯೊಳಗಿನ ಕಿಣ್ವಕ್ಕೆ ರಾಜ್ಯದ ಗಡಿ ತಿಳಿಯದು.

ಹಾಗಾದರೆ ಕ್ಯೂಬಾದ ಸಿಗಾರು ಪೆಟ್ಟಿಗೆಯಲ್ಲಿ ಹೆಚ್ಚು ಬದಲಾಗುತ್ತದೆಂಬ ಮಾತು ಸುಳ್ಳೇ? ನಮಗೆ ಹಾಗೆ ತೋರುವುದಿಲ್ಲ; ಕಾರಣವನ್ನು ಮಾತ್ರ ಜನರು ಬೇರೆ ಕಡೆ ಹುಡುಕುತ್ತಿದ್ದಾರೆ. ಕ್ಯೂಬಾದ ಸಾಧಾರಣ ಸಿಗಾರುಗಳು ಸುತ್ತಿದ ಮೇಲೆ ಅಲ್ಪಕಾಲ ಮಾತ್ರ ಕಾರ್ಖಾನೆಯ ಕೋಣೆಯಲ್ಲಿದ್ದು ಪೆಟ್ಟಿಗೆ ಸೇರುತ್ತವೆ. ಉಳಿದ ಕೆಲಸ ಕೊಂಡವನ ಮನೆಯಲ್ಲಿ ಆಗಬೇಕು. ಡೊಮಿನಿಕನ್ ಗಣರಾಜ್ಯ, ನಿಕರಾಗ್ವಗಳ ಉತ್ತಮ ತಯಾರಕರಲ್ಲಿ ಅನೇಕರು ಎಲೆಯನ್ನು ಮೂಟೆಯಲ್ಲಿಯೇ ಹಲವು ವರ್ಷ ಕೊಳೆಹಾಕಿ, ಸುತ್ತಿದ ಮೇಲೆಯೂ ತಿಂಗಳುಗಟ್ಟಲೆ ತಮ್ಮಲ್ಲಿಯೇ ಇರಿಸಿಕೊಂಡು ಆಮೇಲೆ ಮಾರುತ್ತಾರೆ. ಕ್ಯೂಬಾದಿಂದ ಹೋದ ಪಾದ್ರೋನ್ ಕುಟುಂಬದವರು 1964ರ ನೆನಪಿಗೆಂದು ನಿಕರಾಗ್ವದಲ್ಲಿ ಮಾಡುವ ಸಿಗಾರಿನ ಎಲೆಗೆ ನಾಲ್ಕು ವರ್ಷ ವಯಸ್ಸಾಗಿರುತ್ತದೆ. ಒಬ್ಬನು ಅರೆಮಾಗಿದ ಹಣ್ಣನ್ನು ಮಾರುತ್ತಾನೆ, ಇನ್ನೊಬ್ಬನು ಅಡೆಹಾಕಿ ಮಾಗಿಸಿ ಮಾರುತ್ತಾನೆ. ಮನೆಗೆ ತಂದ ಮೇಲೆ ಮೊದಲನೆಯದರಲ್ಲಿ ಹೆಚ್ಚು ಬದಲಾವಣೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಕ್ಯೂಬಾದವರೇ ರೆಸೆರ್ವಾ ಎಂದು ಹೆಸರಿಟ್ಟು ಮೂರು ವರ್ಷದ, ಗ್ರಾನ್ ರೆಸೆರ್ವಾ ಎಂದು ಐದು ವರ್ಷದ ಎಲೆಯಿಂದ ವಿಶೇಷ ಸಿಗಾರುಗಳನ್ನು ತಯಾರಿಸುತ್ತಿರುವುದು, ಸುತ್ತಿದ ಸಿಗಾರನ್ನು ಐದರಿಂದ ಎಂಟು ವರ್ಷ ತಮ್ಮಲ್ಲಿಯೇ ಮಾಗಿಸಿ ಮಾರಲು ಇತ್ತೀಚೆಗೆ ತೊಡಗಿರುವುದು, ಈ ಅಭಿಪ್ರಾಯವನ್ನೇ ಸಮರ್ಥಿಸುತ್ತವೆ.

ನಾಲಗೆಯ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಬೇರೊಂದು ಪ್ರಶ್ನೆ. ಕ್ಯೂಬಾದ ಪೆಟ್ಟಿಗೆಯ ತಳದಲ್ಲಿ ತುಂಬಿದ ತಿಂಗಳು, ವರ್ಷ ಮುದ್ರಿತವಾಗಿರುತ್ತವೆ. ಅದನ್ನು ಓದಿಕೊಂಡು ಸೇದುವವನಿಗೆ ಹಳತನದ ರುಚಿ ಮೊದಲೇ ಬಾಯಲ್ಲಿರುತ್ತದೆ. ಹೆಸರಿನ ಪಟ್ಟಿಯನ್ನು ಕಿತ್ತು, ಹೊಸದನ್ನೂ ಹಳತನ್ನೂ ಬೆರೆಸಿ, ಯಾವುದು ಯಾವುದೆಂದು ಕೊಡುವವನಿಗೂ ತಿಳಿಯದಂತೆ ಕೊಟ್ಟು ಕೇಳಿದ ಉತ್ತರಕ್ಕೆ ಮಾತ್ರ ಶಾಸ್ತ್ರದಲ್ಲಿ ಬೆಲೆ. ಹಳತಾದಷ್ಟೂ ಉತ್ತಮವೆಂಬ ಮಾತಿಗೂ ಎಲ್ಲೆಯಿದೆ. ಅಮೋನಿಯ ಹಾರಿಹೋಗುವ ದಾರಿಯಲ್ಲಿಯೇ ಸುಗಂಧದ ಅಣುಗಳೂ ಹಾರಿಹೋಗುತ್ತವೆ, ಸ್ವಲ್ಪ ನಿಧಾನವಾಗಿ. ಸತ್ತ್ವವಿಲ್ಲದ ತೆಳು ಎಲೆ ಬೇಗ ಸಪ್ಪೆಯಾಗುತ್ತದೆ. ದಪ್ಪ ಎಲೆಯ ಸಿಗಾರು ದಶಕಗಳನ್ನು ತಾಳುತ್ತದೆ. 1962ಕ್ಕೆ ಹಿಂದಿನ ಸಿಗಾರುಗಳು ಈಗಲೂ ಹರಾಜಿಗೆ ಬರುತ್ತವೆ. ಅವುಗಳಿಗೆ ಕೊಡುವ ಬೆಲೆಯ ಬಹುಭಾಗ ಇತಿಹಾಸಕ್ಕೆ ಸಲ್ಲುವುದೆಂದು ನಮ್ಮ ಎಣಿಕೆ.

ಮಾಗಿದ ಸಿಗಾರು ಸೌಮ್ಯವೆಂದು ಹೇಳಿದೆವಷ್ಟೆ. ಈ ಮಾತನ್ನು ನಿರಪಾಯವೆಂದು ತಿಳಿಯುವವರುಂಟು, ಅದು ತಪ್ಪು. ದೊಡ್ಡ ಸಿಗಾರೊಂದರಲ್ಲಿ 5ರಿಂದ 17 ಗ್ರಾಂ ಹೊಗೆಸೊಪ್ಪಿರಬಹುದು. ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಮೆ. ಸಕ್ಕರೆ ಉಳಿದ ಎಲೆಯ ಹೊಗೆ ಸ್ವಲ್ಪ ಆಮ್ಲಗುಣದ್ದು. ಅದರಲ್ಲಿನ ನಿಕೊಟಿನ್ ರಕ್ತಕ್ಕೆ ಸೇರಬೇಕಾದರೆ ಹೊಗೆ ಶ್ವಾಸಕೋಶಕ್ಕೆ ಇಳಿಯಬೇಕು. ಸಿಗಾರಿನ ಹೊಗೆ ಕ್ಷಾರಗುಣದ್ದಾದ್ದರಿಂದ ಬಾಯಿಯ ಒಳಪೊರೆಯ ಮೂಲಕವೇ ನಿಕೊಟಿನ್ ರಕ್ತಕ್ಕೆ ಇಳಿಯುತ್ತದೆ. ಹೊಗೆಯನ್ನು ಒಳಕ್ಕೆ ಎಳೆಯುವುದಿಲ್ಲವೆಂದು ಸಮಾಧಾನ ಪಡುವವನ ಬಾಯಿ, ಗಂಟಲುಗಳೇ ಅದರ ಏಟನ್ನು ತಿನ್ನುತ್ತವೆ. ಸಿಗಾರುಗಳನ್ನು ಬಿಡದೆ ಸೇದುತ್ತಿದ್ದ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತು. 1939ರಲ್ಲಿ ತೀರಿಕೊಳ್ಳುವವರೆಗೆ ಅವರು ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಳಗಾದರು. ಸಿಗಾರನ್ನು ಮಾತ್ರ ಬಿಡಲಾಗಲಿಲ್ಲ.

ಕಾಲವು ಅಮೋನಿಯವನ್ನು ಕಳೆಯುವಂತೆ ಈ ವಿಷವನ್ನೂ ಕಳೆಯಬಾರದೇಕೆ? ಹೊಗೆಸೊಪ್ಪಿನಲ್ಲಿ ನೈಟ್ರೊಸಮೀನ್ ಎಂಬ ಕ್ಯಾನ್ಸರ್‌ಕಾರಕ ದ್ರವ್ಯಗಳುಂಟು. ಹಸಿರೆಲೆಯಲ್ಲಿ ಅವು ಇಲ್ಲವೆನ್ನುವಷ್ಟು ಅಲ್ಪ. ಎಲೆ ಒಣಗಿ ಒಟ್ಟಿಲಿನಲ್ಲಿ ಬಿಸಿಯೇರುವಾಗ, ಪರಿಮಳ ಹುಟ್ಟುವ ಅದೇ ದಿನಗಳಲ್ಲಿ, ಸೂಕ್ಷ್ಮಜೀವಿಗಳು ಎಲೆಯಲ್ಲಿನ ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದು ನಿಕೊಟಿನ್ ಮತ್ತು ಅದರ ಸಂಬಂಧಿ ದ್ರವ್ಯಗಳೊಡನೆ ಕೂಡಿ ಈ ವಿಷವಾಗುತ್ತದೆ. ಅಮೋನಿಯ ಹಗುರವಾದ ಅನಿಲ, ಪೆಟ್ಟಿಗೆ ತೆರೆದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತದೆ. ಇವು ಹಾಗೆ ಸುಲಭವಾಗಿ ಹಾರುವ ದ್ರವ್ಯಗಳಲ್ಲ, ಎಲೆಯಲ್ಲಿಯೇ ಉಳಿಯುತ್ತವೆ. ಎಲೆ ಕ್ಯೂಬಾದ್ದಾದರೂ ಅಷ್ಟೆ, ನಿಕರಾಗ್ವದ್ದಾದರೂ ಅಷ್ಟೆ.