ಡಬ್ಬಿಯ ಹೆಸರು ಬೇರೆ, ಒಳಗಿನ ರೀಲು ಬೇರೆ

ಕಲರ್ ಫಿಲ್ಮಿಗೆ ರಾಸಾಯನಿಕ ಲೇಪ ಹಚ್ಚುವ ಕಾರ್ಖಾನೆಗಳು ಇಂದು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಮಾರಾಟಕ್ಕಿರುವ ಫಿಲ್ಮುಗಳ ಹೆಸರುಗಳು ಮಾತ್ರ ಹತ್ತಾರು. ಒಂದೇ ಕಾರ್ಖಾನೆಯ ಫಿಲ್ಮು ಬೇರೆ ಬೇರೆ ಕಂಪನಿಗಳ ಡಬ್ಬಿಯಲ್ಲಿ, ಬೇರೆ ಹೆಸರಿನಿಂದ, ಬೇರೆ ಬೆಲೆಗೆ ಬಿಕರಿಯಾಗುತ್ತದೆ. ಹಳೆಯ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ ಮತ್ತೆ ರೀಲು ಹಾಕಲು ಹೊರಟವರು ಎಡವುವುದು ಇಲ್ಲಿಯೇ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ಊರುಗಳಲ್ಲಿ ಸ್ಟುಡಿಯೋಗಳು ಡಿಜಿಟಲ್‌ಗೆ ಹೊರಳಿ ಬಹಳ ಕಾಲವಾಯಿತು. ರೀಲು ತರಿಸುವುದೂ ಕೊರಿಯರ್‌ನಲ್ಲಿ, ತೊಳೆಯಲು ಕಳಿಸುವುದೂ ಕೊರಿಯರ್‌ನಲ್ಲಿ ಎಂದಾದಾಗ ಡಬ್ಬಿಯೊಳಗೆ ಏನಿದೆ ಎಂಬುದನ್ನು ಕೊಳ್ಳುವವರೇ ತಿಳಿದಿರಬೇಕಾಗುತ್ತದೆ.

ಹೆಸರು ಬದಲಾಗುವುದು ಹೇಗೆ?

ಫಿಲ್ಮು ಕಾರ್ಖಾನೆಯಲ್ಲಿ ಮೊದಲು ಬಹಳ ಅಗಲದ, ಸಾವಿರಾರು ಅಡಿ ಉದ್ದದ ಸುರುಳಿಯಾಗಿ ತಯಾರಾಗುತ್ತದೆ. ಇದಕ್ಕೆ ಜಂಬೋ ರೋಲ್ ಎನ್ನುತ್ತಾರೆ. ಅದನ್ನು 35 ಮಿಲಿಮೀಟರ್ ಪಟ್ಟಿಗಳಾಗಿ ಸೀಳಿ, ಅಂಚಿಗೆ ರಂಧ್ರ ಕೊರೆದು, ಡಬ್ಬಿಗೆ ತುಂಬುವುದು ನಂತರದ ಕೆಲಸ. ಲೇಪ ಹಚ್ಚುವುದು ಕೋಟ್ಯಂತರ ಬಂಡವಾಳದ, ಅಪಾರ ನೈಪುಣ್ಯದ ಉದ್ಯಮ. ತುಂಬಿ ಚೀಟಿ ಅಂಟಿಸುವುದಕ್ಕೆ ಅಷ್ಟು ಬೇಕಿಲ್ಲ. ಹೀಗಾಗಿ ತಯಾರಿಸುವವರು ಕೆಲವರು, ಹೆಸರಿಟ್ಟು ಮಾರುವವರು ಹಲವರು.

ಭಾರತಕ್ಕೆ ಇದು ಹೊಸತಲ್ಲ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು ಮತ್ತು ಎಕ್ಸ್-ರೇ ಫಿಲ್ಮು ದೇಶದೆಲ್ಲೆಡೆ ಬಳಕೆಯಲ್ಲಿದ್ದವು. ಬಣ್ಣದ ಫಿಲ್ಮಿನ ಮಟ್ಟಿಗೆ ಮಾತ್ರ ವಿದೇಶದ ಜಂಬೋ ರೋಲ್ ತರಿಸಿ ಇಲ್ಲಿ ಕತ್ತರಿಸಿ ತುಂಬುವ ಪದ್ಧತಿ ಇತ್ತು.

ಮೂರು ಕುಟುಂಬಗಳು

ಹೆಸರು ಬದಲಿಸಿದ ಕಲರ್ ಫಿಲ್ಮುಗಳನ್ನು ಸ್ಥೂಲವಾಗಿ ಮೂರು ಕುಟುಂಬಗಳಾಗಿ ವಿಂಗಡಿಸಬಹುದು.

ಮೊದಲನೆಯದು ಸಾಮಾನ್ಯ ಕಲರ್ ನೆಗೆಟಿವ್. ಇದನ್ನು ತೊಳೆಯುವ ವಿಧಾನದ ಹೆಸರು ಸಿ-41. ಜರ್ಮನಿಯ ಆಗ್ಫಾಫೋಟೋ 2005ರಲ್ಲಿ ದಿವಾಳಿಯಾದ ಮೇಲೆ ಆ ಹೆಸರನ್ನು ಬೇರೆಯವರು ಪರವಾನಗಿ ಪಡೆದು ಬಳಸಿದರು. ಅವರು ಮಾರಿದ ವಿಸ್ತಾ ಪ್ಲಸ್ ಜಪಾನಿನ ಫೂಜಿ ಫಿಲ್ಮು. ಅದು 2018ರಲ್ಲಿ ನಿಂತುಹೋಯಿತು, ಈಗ ಸಿಗುವ ವಿಸ್ತಾ ಪ್ಲಸ್ ಎಲ್ಲವೂ ಹಳೆಯ ದಾಸ್ತಾನು. ಮುಂದೆ ಫೂಜಿಯ ಹೆಸರಿನ ಡಬ್ಬಿಯೊಳಗೂ ಬೇರೆಯವರ ಫಿಲ್ಮು ಬರತೊಡಗಿತು. 2022ರ ಹೊತ್ತಿಗೆ ಬಂದ ಫೂಜಿಫಿಲ್ಮ್ 200 ಮತ್ತು 400ರ ಡಬ್ಬಿಯ ಮೇಲೆ ‘ಅಮೆರಿಕದಲ್ಲಿ ತಯಾರಾದದ್ದು’ ಎಂಬ ಒಕ್ಕಣೆ ಇದೆ. ಅವುಗಳ ತಾಂತ್ರಿಕ ವಿವರಪತ್ರಗಳು ಕೊಡಕ್‌ನ ಗೋಲ್ಡ್ 200 ಮತ್ತು ಅಲ್ಟ್ರಾಮ್ಯಾಕ್ಸ್ 400ರವುಗಳೊಂದಿಗೆ ಹೆಚ್ಚುಕಡಿಮೆ ತಾಳೆಯಾಗುತ್ತವೆ. ಹಳೆಯ ಫೂಜಿಯ ತಂಪಾದ ಹಸಿರು ಬಯಸಿ ಇದನ್ನು ಕೊಂಡವರಿಗೆ ಸಿಗುವುದು ಕೊಡಕ್‌ನ ಹಳದಿ ಕಡೆಗೆ ವಾಲುವ ಬಣ್ಣ.

ಎರಡನೆಯದು ಸಿನಿಮಾ ಫಿಲ್ಮು. ಕೊಡಕ್‌ನ ವಿಷನ್-3 ಸರಣಿಯಲ್ಲಿ 50ಡಿ, 250ಡಿ, 200ಟಿ, 500ಟಿ ಎಂಬ ನಾಲ್ಕು ಬಗೆಗಳಿವೆ. ‘ಡಿ’ ಎಂದರೆ ಹಗಲು ಬೆಳಕಿಗೆ, ‘ಟಿ’ ಎಂದರೆ ಹಳದಿ ಬಲ್ಬಿನ ಬೆಳಕಿಗೆ ಹೊಂದಿಸಿದ್ದು. ಇವುಗಳ ಬೆನ್ನಿಗೆ ರೆಮ್‌ಜೆಟ್ ಎಂಬ ಮಸಿಯಂಥ ಕಪ್ಪು ಪದರ ಇರುತ್ತದೆ. ತೊಳೆಯುವ ವಿಧಾನ ಇಸಿಎನ್-2. ಹಲವು ಸಣ್ಣ ಮಾರಾಟಗಾರರು ಇದನ್ನೇ 36 ಚಿತ್ರಗಳ ಡಬ್ಬಿಗೆ ತುಂಬಿ ತಮ್ಮದೇ ಹೆಸರಿಡುತ್ತಾರೆ. ಸಿನಿಸ್ಟಿಲ್ ಕಂಪನಿ ಮಾತ್ರ ರೆಮ್‌ಜೆಟ್ ಇಲ್ಲದಂತೆ ಮಾಡಿ, ಸಿ-41ರಲ್ಲಿ ತೊಳೆಯಬಲ್ಲ 800ಟಿಯಾಗಿ 500ಟಿಯನ್ನು ಮಾರಿತು. ಆ ಪದರ ಇಲ್ಲದ ಕಾರಣ ಬೆಳಕು ಫಿಲ್ಮಿನ ಹಿಂಬದಿಯಿಂದ ಪ್ರತಿಫಲಿಸಿ, ದೀಪಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ. 2025ರಿಂದ ಕೊಡಕ್ ರೆಮ್‌ಜೆಟ್ ಇಲ್ಲದ ವಿಷನ್-3 ಫಿಲ್ಮನ್ನೇ ಹೊರತರುತ್ತಿದೆ. ಹಳೆಯದು, ಹೊಸದು ಎರಡೂ ಮಾರುಕಟ್ಟೆಯಲ್ಲಿ ಬೆರೆತಿರುವ ಕಾಲ ಇದು.

ಮೂರನೆಯದು ವಿಮಾನದಿಂದ ಭೂಮಿಯ ಚಿತ್ರ ತೆಗೆಯಲೆಂದು ಮಾಡಿದ ಕೊಡಕ್ ಏರೋಕಲರ್. ಸಾಂಟಾಕಲರ್ 100, ಎಲೆಕ್ಟ್ರಾ 100 ಇದೇ ಮೂಲದವು. ತೊಳೆದ ಮೇಲೆ ಇದರ ತಳ ಮಾಮೂಲಿ ನೆಗೆಟಿವ್‌ನಂತೆ ಕಿತ್ತಳೆ ಬಣ್ಣಕ್ಕಿರದೆ ಬಹುತೇಕ ಪಾರದರ್ಶಕವಾಗಿರುತ್ತದೆ. ಪಾಲಿಯೆಸ್ಟರ್ ತಳವಾದ್ದರಿಂದ ಹೊರಗೆ ಚಾಚಿದ ತುದಿಯ ಮೂಲಕ ಬೆಳಕು ಡಬ್ಬಿಯೊಳಕ್ಕೆ ಹರಿಯುತ್ತದೆ. ಈ ರೀಲನ್ನು ನೆರಳಿನಲ್ಲೇ ಹಾಕಬೇಕು, ನೆರಳಿನಲ್ಲೇ ತೆಗೆಯಬೇಕು.

ಗುರುತಿಸುವ ಬಗೆ

ಮೊದಲು ಡಬ್ಬಿಯ ಮೇಲೆ ಎಲ್ಲಿ ತಯಾರಾದದ್ದು, ಯಾವ ವಿಧಾನದಲ್ಲಿ ತೊಳೆಯಬೇಕು, ಯಾವ ದಿನಾಂಕದೊಳಗೆ ತೊಳೆಯಬೇಕು ಎಂಬ ಮೂರನ್ನು ಓದಬೇಕು. ವಿಧಾನವನ್ನೇ ನಮೂದಿಸದ ಡಬ್ಬಿಯನ್ನು ಅನುಮಾನದಿಂದಲೇ ನೋಡುವುದು ಒಳಿತು.

ನಂತರ ಲೋಹದ ಡಬ್ಬಿ. ಅದರ ಮೈಮೇಲೆ ಎರಡು ಸಾಲಿನಲ್ಲಿ ಬೆಳ್ಳಿ-ಕಪ್ಪು ಚೌಕಗಳಿರುತ್ತವೆ. ಇದೇ 1983ರಲ್ಲಿ ಕೊಡಕ್ ತಂದ ಡಿಎಕ್ಸ್ ಸಂಕೇತ. ಆಟೋಮ್ಯಾಟಿಕ್ ಕ್ಯಾಮೆರಾಗಳು ಫಿಲ್ಮಿನ ವೇಗವನ್ನು, ಅಂದರೆ ಐಎಸ್‌ಒ ಸಂಖ್ಯೆಯನ್ನು, ಇದರಿಂದಲೇ ಓದಿಕೊಳ್ಳುತ್ತವೆ. ಮರುತುಂಬಿದ ರೀಲುಗಳು ಅನೇಕ ಸಲ ಬಳಸಿ ಬಿಟ್ಟ ಹಳೆಯ ಡಬ್ಬಿಯಲ್ಲಿ ಬರುತ್ತವೆ. ಚೀಟಿಯ ಅಡಿಯಲ್ಲಿ ಬೇರೆ ಕಂಪನಿಯ ಅಕ್ಷರ ಕಂಡರೆ ಚೌಕಗಳ ಸಂಕೇತವನ್ನು ನಂಬದೆ ಐಎಸ್‌ಒ ಸಂಖ್ಯೆಯನ್ನು ಕೈಯಿಂದಲೇ ಹೊಂದಿಸಬೇಕು. ಹಾಗೆ ಹೊಂದಿಸಲು ಬಾರದ ಕ್ಯಾಮೆರಾಗೆ ಇಂಥ ರೀಲು ಬೇಡ.

ಮೂರನೆಯದು ರೀಲಿನ ತುದಿ. ಸಾಮಾನ್ಯ ಕಲರ್ ಫಿಲ್ಮಿನ ಬೆನ್ನು ನಯವಾಗಿ ಹೊಳೆಯುತ್ತದೆ. ರೆಮ್‌ಜೆಟ್ ಇದ್ದರೆ ಬೆನ್ನು ಹೊಳಪಿಲ್ಲದ ಕಡುಗಪ್ಪು. ಸಂಶಯ ಬಂದರೆ ತುದಿಯ ಒಂದು ಚಿಕ್ಕ ಚೂರು ಕತ್ತರಿಸಿ, ಅಡುಗೆ ಸೋಡಾ ಕದಡಿದ ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ನೆನೆಸಿ ಬೆರಳಿನಿಂದ ಉಜ್ಜಿದರೆ ಸಾಕು. ಬೆರಳಿಗೆ ಮಸಿ ಹತ್ತಿದರೆ ಅದು ರೆಮ್‌ಜೆಟ್ ಇರುವ ಸಿನಿಮಾ ಫಿಲ್ಮು.

ಕೊನೆಯ ಸಾಕ್ಷಿ ತೊಳೆದ ನೆಗೆಟಿವ್. ಅದರ ಅಂಚಿನಲ್ಲಿ ರಂಧ್ರಗಳ ಬದಿಗೆ ಅಕ್ಷರ, ಅಂಕಿ, ಸಣ್ಣ ಪಟ್ಟೆಗಳ ಸಂಕೇತ ಮೂಡಿರುತ್ತವೆ. ಇವು ಕಾರ್ಖಾನೆಯಲ್ಲೇ ಅಚ್ಚಾದವು, ಚೀಟಿ ಬದಲಿಸಿದವರ ಕೈಗೆ ನಿಲುಕದವು. 5219 ಎಂದಿದ್ದರೆ ವಿಷನ್-3 500ಟಿ, 5207 ಎಂದಿದ್ದರೆ 250ಡಿ.

ಯಾವ ಬೆಳಕಿಗೆ ಯಾವುದು?

ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆಯಲು 100 ಅಥವಾ 200ರ ಸಾಮಾನ್ಯ ನೆಗೆಟಿವ್ ಧಾರಾಳವಾಗಿ ಸಾಕು. ಬೂದು ತೊಗಟೆಯ ಸುಕ್ಕುಗಳು ಸಣ್ಣ ಕಣದ ಫಿಲ್ಮಿನಲ್ಲೇ ಚೆನ್ನಾಗಿ ಬರುತ್ತವೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದೊಳಗೆ, ಕಮಲದಾಕಾರದ ಛತ್ತಿನ ಕೆಳಗೆ, ಬೆಳಕು ಥಟ್ಟನೆ ಇಳಿಯುತ್ತದೆ. ಅಲ್ಲಿಗೆ 400 ಬೇಕು, ಸ್ಟ್ಯಾಂಡ್ ಇದ್ದರೆ 200ರಲ್ಲೂ ನಡೆಯುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಬಣ್ಣ ಬಳಿದ ಶಿಲ್ಪಗಳು, ಬಣ್ಣ ಬಣ್ಣದ ಉಡುಪುಗಳು ಒತ್ತೊತ್ತಾಗಿ ಇವೆ. ಎರಡು ಹೆಸರಿನ ಫಿಲ್ಮು ಒಂದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅದೇ ಶಿಲ್ಪವನ್ನು ಅದೇ ಹೊತ್ತಿನಲ್ಲಿ ಎರಡರಲ್ಲೂ ತೆಗೆದು, ಒಂದೇ ಲ್ಯಾಬಿನಲ್ಲಿ ತೊಳೆಸಿ, ನೆಗೆಟಿವ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸ್ಕ್ಯಾನ್ ಮಾಡಿದ ಚಿತ್ರವನ್ನಷ್ಟೇ ನೋಡಿದರೆ ಯಂತ್ರ ಮಾಡಿದ ಬಣ್ಣದ ತಿದ್ದುಪಡಿ ದಾರಿ ತಪ್ಪಿಸುತ್ತದೆ.

ಹಿರೇಕೆರೂರಿನ ಕೆರೆ ಏರಿಯ ಮೇಲೆ ಸೂರ್ಯಾಸ್ತವನ್ನು ‘ಟಿ’ ಫಿಲ್ಮಿನಲ್ಲಿ ತೆಗೆದರೆ ಕೆಂಪು ಹೋಗಿ ನೀಲಿ ಛಾಯೆ ಹರಡುತ್ತದೆ. ಹಗಲಿನಲ್ಲಿ ಇದನ್ನು ಬಳಸುವವರು 85 ಸಂಖ್ಯೆಯ ಕಿತ್ತಳೆ ಫಿಲ್ಟರ್ ಹಾಕಬೇಕು. ಆಗ 500ಟಿಯ ವೇಗವನ್ನು 320 ಎಂದು ಲೆಕ್ಕ ಹಿಡಿಯಬೇಕು. ಜಾತ್ರೆಯ ರಾತ್ರಿಯ ಹಳದಿ ದೀಪಗಳಿಗೆ ಮಾತ್ರ ‘ಟಿ’ ಹೇಳಿ ಮಾಡಿಸಿದ್ದು.

ಬೆಲೆ, ಬಿಸಿಲು, ಲ್ಯಾಬು

ಅಗ್ಗದ ರೀಲು ಎಂದಾಕ್ಷಣ ಅಗ್ಗದ ಚಿತ್ರವಲ್ಲ. ರೀಲಿನ ಬೆಲೆಗೆ ಎರಡು ಕಡೆಯ ಕೊರಿಯರ್, ತೊಳೆಯುವ ಖರ್ಚು, ಸ್ಕ್ಯಾನ್ ಖರ್ಚು ಕೂಡಿಸಿ, ಮೊತ್ತವನ್ನು ಚಿತ್ರಗಳ ಸಂಖ್ಯೆಯಿಂದ ಭಾಗಿಸಿದಾಗಲೇ ನಿಜವಾದ ದರ ತಿಳಿಯುವುದು. ಇಸಿಎನ್-2 ತೊಳೆಯುವ ಲ್ಯಾಬುಗಳು ಕಡಿಮೆ. ಮೂಲ ಫಿಲ್ಮು ಕಡಿಮೆ ಬೆಲೆಗೆ ಸಿಗುವಾಗ ಹೊಸ ಹೆಸರಿಗಾಗಿ ಹೆಚ್ಚು ಕೊಡಲು ಕಾರಣವಿಲ್ಲ. ಮರುಹೆಸರಿನದೇ ಅಗ್ಗವಾಗಿದ್ದು, ದಿನಾಂಕ ಸರಿಯಿದ್ದು, ವಿಧಾನ ಸ್ಪಷ್ಟವಾಗಿದ್ದರೆ ಹಿಂಜರಿಯುವ ಅಗತ್ಯವೂ ಇಲ್ಲ.

ಬೇಸಿಗೆಯ ಧಗೆ ಬಣ್ಣದ ಪದರಗಳನ್ನು ಕೆಡಿಸುತ್ತದೆ. ರೀಲುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಬಳಸುವ ಕೆಲವು ಗಂಟೆ ಮೊದಲೇ ಹೊರತೆಗೆದು, ಹೊರಗಿನ ಶಾಖಕ್ಕೆ ಬಂದ ಮೇಲಷ್ಟೇ ಬಿಚ್ಚಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಲ್ಯಾಬಿನವರಿಗೆ ನಿಜ ಹೇಳುವುದು. ರೆಮ್‌ಜೆಟ್ ಇರುವ ರೀಲು ಗೊತ್ತಿಲ್ಲದೆ ಸಿ-41 ಯಂತ್ರದೊಳಗೆ ಹೋದರೆ ಕಪ್ಪು ಮಸಿ ರಾಸಾಯನಿಕದಲ್ಲಿ ಕದಡಿ, ಆ ದಿನ ತೊಳೆಯಲು ಬಂದ ಬೇರೆಯವರ ಚಿತ್ರಗಳೂ ಹಾಳಾಗುತ್ತವೆ. ಆದ್ದರಿಂದ ರೀಲು ಕಳಿಸುವ ಪ್ರತಿಯೊಬ್ಬರೂ ಕವರಿನ ಮೇಲೆ ಒಳಗಿನ ಫಿಲ್ಮಿನ ಮೂಲ ಹೆಸರನ್ನೂ ತೊಳೆಯಬೇಕಾದ ವಿಧಾನವನ್ನೂ ದಪ್ಪ ಅಕ್ಷರಗಳಲ್ಲಿ ಬರೆಯಬೇಕು. ಅದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು.