ಹೆಸರಲ್ಲಿ ಪುರಾಣ, ಕಣ್ಣು ಕಲ್ಲಿನ ಮೇಲೆ

ಆಟೋದವರಿಗೆ ‘ಮಿಥಿಕ್ ಸೊಸೈಟಿ’ ಎಂದು ಹೇಳಿ ನೋಡಿ. ಬಹುತೇಕ ಮಂದಿ ತಲೆ ಅಲ್ಲಾಡಿಸುತ್ತಾರೆ. ‘ನೃಪತುಂಗ ರಸ್ತೆ, ರಿಸರ್ವ್ ಬ್ಯಾಂಕ್ ಇದೆಯಲ್ಲ, ಅದೇ ರಸ್ತೆ’ ಎಂದ ಮೇಲೆ ಗಾಡಿ ಹೊರಡುತ್ತದೆ. ಹಾಗೆ ಹೋಗುತ್ತಿದ್ದಾಗ ಒಬ್ಬರು ಕನ್ನಡಿಯಲ್ಲೇ ನನ್ನ ಮುಖ ನೋಡಿ ಕೇಳಿದ್ದರು: ‘ಅಲ್ಲೇನ್ ಸಾರ್, ಪುರಾಣ ಹೇಳ್ತಾರಾ?’ ಪ್ರಶ್ನೆ ತಪ್ಪೇನಲ್ಲ. ಮಿಥ್ ಎಂದರೆ ಪುರಾಣಕಥೆ. ಅದನ್ನೇ ಹೆಸರಾಗಿ ಹೊತ್ತ ಸಂಸ್ಥೆ ಇನ್ನೇನು ಮಾಡೀತು? ಆದರೆ ನೂರು ವರ್ಷ ದಾಟಿದ ಈ ಸಂಸ್ಥೆ ಮಾಡಿಕೊಂಡು ಬಂದದ್ದು ಬಹುಮಟ್ಟಿಗೆ ಅದರ ಉಲ್ಟಾ. ಕೇಳಿದ ಕಥೆಯನ್ನು ಕಲ್ಲಿನ ಮುಂದೆ, ತಾಮ್ರಪಟದ ಮುಂದೆ ನಿಲ್ಲಿಸಿ ಸಾಕ್ಷಿ ಕೇಳುವುದೇ ಅದರ ಕಸುಬು.

ಬೆಂದಕಾಳೂರಿನ ಕಥೆಯನ್ನೇ ತೆಗೆದುಕೊಳ್ಳಿ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳ, ಗುಡಿಸಲಿನ ಅಜ್ಜಿ, ಒಂದು ಬೊಗಸೆ ಬೆಂದ ಕಾಳು. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಕಥೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಶಾಸನ ಬೇರೆಯದನ್ನು ಹೇಳುತ್ತದೆ. ಸುಮಾರು ಕ್ರಿ.ಶ. 890ರ ಗಂಗರ ಕಾಲದ ಆ ಕಲ್ಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತಿದೆ. ಆ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯವರು ಮಡಿದ ಸುದ್ದಿಯಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅಜ್ಜಿ ಒಲೆ ಹಚ್ಚುವ ಹೊತ್ತಿಗೆ ಊರ ಹೆಸರಿಗೆ ಮುನ್ನೂರು ವರ್ಷ ತುಂಬುತ್ತಾ ಬಂದಿತ್ತು. ಕಥೆ ಸೊಗಸಾಗಿದೆ, ಇರಲಿ ಬಿಡಿ. ಊರಿನ ವಯಸ್ಸು ಕೇಳಬೇಕಾದರೆ ಮಾತ್ರ ಬೇಗೂರಿಗೆ ಹೋಗಬೇಕು.

ಮಿಥಿಕ್ ಸೊಸೈಟಿ ಹುಟ್ಟಿದ್ದು 1909ರಲ್ಲಿ. ಹುಟ್ಟುಹಾಕಿದವರು ಎಫ್. ಜೆ. ರಿಚರ್ಡ್ಸ್, ಬೆಂಗಳೂರು ದಂಡಿನ ಪ್ರದೇಶದಲ್ಲಿ ಕಲೆಕ್ಟರ್ ಆಗಿದ್ದ ಐಸಿಎಸ್ ಅಧಿಕಾರಿ. ಮುಂದೆ ಸೇಲಂ ಜಿಲ್ಲೆಯ ಗ್ಯಾಸೆಟಿಯರ್ ಬರೆದವರೂ ಅವರೇ. ಪುರಾತತ್ವ, ಜನಾಂಗ ಅಧ್ಯಯನ, ಇತಿಹಾಸ, ಧರ್ಮ, ಕಲೆ, ಇವುಗಳ ಅಧ್ಯಯನ, ಅದರಲ್ಲೂ ಮೈಸೂರು ಮತ್ತು ದಕ್ಷಿಣ ಭಾರತದ ಮಟ್ಟಿಗೆ ಎಂಬುದು ಸಂಸ್ಥೆಯ ಉದ್ದೇಶ. ಆಗ ಮೈಸೂರು ವಿಶ್ವವಿದ್ಯಾನಿಲಯವಿರಲಿಲ್ಲ (ಅದು 1916ರದು), ಕನ್ನಡ ಸಾಹಿತ್ಯ ಪರಿಷತ್ತೂ ಇರಲಿಲ್ಲ (1915). ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿದ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಗಿ ಹೊರಬಂದದ್ದೂ 1909ರಲ್ಲೇ. ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಬಿ. ಎಲ್. ರೈಸ್ ಬಿಟ್ಟುಹೋಗಿ ಮೂರು ವರ್ಷ ಕಳೆದಿತ್ತು. ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಪ್ರಕಟಿಸಿದ ಶಾಸನಗಳು 8,869. ಅಷ್ಟು ದೊಡ್ಡ ರಾಶಿ ಮುಂದೆ ಬಿದ್ದಿತ್ತು. ಕೂತು ಓದುವವರು, ಓದಿದ್ದನ್ನು ನಾಲ್ಕು ಜನರ ಮುಂದೆ ಇಟ್ಟು ಜಗಳವಾಡುವವರು ಬೇಕಿತ್ತು.

ಆ ಜಗಳಕ್ಕೆ ಒಂದು ಮನೆಯೂ ಸಿಕ್ಕಿತು. 1910ರ ದಶಕದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಸರ್ ಹ್ಯೂ ಡೇಲಿ ಅವರ ಹೆಸರಿನ ಡೇಲಿ ಮೆಮೋರಿಯಲ್ ಹಾಲ್‌ಗೆ 1916ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅಡಿಗಲ್ಲಿಟ್ಟರು, ಮರುವರ್ಷ ಕಟ್ಟಡ ತೆರೆಯಿತು. ಆಗ ಈ ರಸ್ತೆಯ ಹೆಸರು ಸೆನೊಟಾಫ್ ರಸ್ತೆ. 1791ರಲ್ಲಿ ಟಿಪ್ಪುವಿನ ಬೆಂಗಳೂರಿಗೆ ಮುತ್ತಿಗೆ ಹಾಕಿ ಸತ್ತ ಬ್ರಿಟಿಷ್ ಸೈನಿಕರ ಸ್ಮಾರಕಸ್ತಂಭ ಇಲ್ಲಿ ನಿಂತಿದ್ದರಿಂದ ಆ ಹೆಸರು. 1964ರಲ್ಲಿ ಸ್ತಂಭ ಹೋಯಿತು, ರಸ್ತೆಗೆ ರಾಷ್ಟ್ರಕೂಟ ಚಕ್ರವರ್ತಿಯ ಹೆಸರು ನಿಂತಿತು. ಯೋಚಿಸಿದರೆ ಆ ಸ್ತಂಭವೂ ಒಂದು ವೀರಗಲ್ಲೇ. ಅದನ್ನು ಕಿತ್ತದ್ದು ಸರಿಯೇ ಎಂದು ಇತಿಹಾಸದವರಲ್ಲಿ ಕೇಳಿದರೆ ಒಂದು ಸಂಜೆ ಸಾಲದು.

ಸಂಸ್ಥೆಯ ತ್ರೈಮಾಸಿಕ ಶುರುವಾದದ್ದೂ ಆ ಮೊದಲ ದಿನಗಳಲ್ಲೇ. ನೂರಕ್ಕೂ ಹೆಚ್ಚು ಸಂಪುಟಗಳಾಗಿವೆ. ಶಾಮಶಾಸ್ತ್ರಿ, ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್, ಮೈಸೂರು ಗ್ಯಾಸೆಟಿಯರಿನ ಸಿ. ಹಯವದನರಾವ್ ಅಂಥವರು ಅದರಲ್ಲಿ ಬರೆದರು. ಬಹುಕಾಲ ಅಧ್ಯಕ್ಷರಾಗಿದ್ದವರು ಎ. ಎಂ. ಟಬಾರ್ಡ್ ಎಂಬ ಕ್ಯಾಥೊಲಿಕ್ ಪಾದ್ರಿ. ಹಳೆಯ ಸಂಪುಟವೊಂದನ್ನು ಗ್ರಂಥಾಲಯದಲ್ಲಿ ಬಿಚ್ಚಿ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಕೆಲವು ವಾದಗಳು ಇಂದು ಬಿದ್ದುಹೋಗಿವೆ, ಕೆಲವು ಲೇಖನಗಳಲ್ಲಿ ಆಳುವವರ ಮೂಗಿನ ಎತ್ತರ ಕಾಣುತ್ತದೆ. ಇನ್ನು ಕೆಲವನ್ನು ಇವತ್ತಿನ ಸಂಶೋಧಕರೂ ದಾಟಿ ಹೋಗಲಾರರು.

ಇಲ್ಲೊಂದು ಮಾತು ಹೇಳಲೇಬೇಕು. ಮಿಥಿಕ್ ಸೊಸೈಟಿ ಇಂಗ್ಲಿಷಿನಲ್ಲಿ ಹುಟ್ಟಿತು, ಇಂಗ್ಲಿಷಿನಲ್ಲೇ ಬೆಳೆಯಿತು. ಐದು ವರ್ಷದ ಮೇಲೆ, 1914ರಲ್ಲಿ, ಧಾರವಾಡದಲ್ಲಿ ಆಲೂರು ವೆಂಕಟರಾಯರು ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಕಟ್ಟಿದಾಗ ಅದರ ಉರಿಯೇ ಬೇರೆ. ಅಲ್ಲಿ ಇತಿಹಾಸ ಎಂದರೆ ಹರಿದು ಹಂಚಿಹೋದ ನಾಡನ್ನು ಒಂದು ಮಾಡುವ ಹಗ್ಗ. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಆಲೂರರಿಗೆ ಶಾಸನದ ಒಂದೊಂದು ಸಾಲೂ ಜನರನ್ನು ಎಬ್ಬಿಸುವ ಮಾತು. ಬೆಂಗಳೂರಿನಲ್ಲಿ ಅದು ಅಧಿಕಾರಿಗಳೂ ಪಂಡಿತರೂ ಟೀ ಕುಡಿಯುತ್ತಾ ಓದುವ ಪ್ರಬಂಧ. ಒಂದರಲ್ಲಿ ಬಿಸಿ, ಇನ್ನೊಂದರಲ್ಲಿ ಶಿಸ್ತು. ನನ್ನ ಒಲವು ಧಾರವಾಡದ ಕಡೆಗೇ. ಆದರೆ ಅಡಿಟಿಪ್ಪಣಿ ಬೇಕಾದಾಗ ನಾನೂ ಬೆಂಗಳೂರಿನ ಸಂಪುಟವನ್ನೇ ಹುಡುಕುತ್ತೇನೆ.

ಈಗ ಸಭಾಂಗಣದಲ್ಲಿ ಕನ್ನಡವೂ ಧಾರಾಳವಾಗಿ ಕೇಳುತ್ತದೆ. ಉಪನ್ಯಾಸಗಳಿಗೆ ಟಿಕೆಟ್ಟಿಲ್ಲ, ಪರಿಚಯಪತ್ರ ಬೇಕಿಲ್ಲ. ಬಾಗಿಲು ದಾಟಿ ಕೂತರೆ ಆಯಿತು. ಬೆಂಗಳೂರಿಗೆ ಇದು ಹೊಸ ರೂಢಿಯೇನಲ್ಲ. ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ. ಪಿ. ವಾಡಿಯಾ ಅವರ ವಿಶ್ವಸಂಸ್ಕೃತಿ ಸಂಸ್ಥೆ, ಎರಡೂ 1945ರವು; ಬಸವನಗುಡಿಯ ಸುತ್ತ ಸಂಜೆಯ ಉಪನ್ಯಾಸ ಕೇಳಿಯೇ ಬೆಳೆದ ತಲೆಮಾರೊಂದಿದೆ. ಮಿಥಿಕ್ ಸೊಸೈಟಿಯ ಸಂಜೆಗಳಿಗೆ ವಿಷಯ ಸ್ವಲ್ಪ ಕಡಿದು: ಗಂಗರ ನಾಡುವಿಭಾಗ, ದೇವಾಲಯದ ಶಿಲ್ಪಿಗಳು, ಕೆರೆಯ ತೂಬು, ನಾಣ್ಯ. ಕುರ್ಚಿಗಳಲ್ಲಿ ಬೆಳ್ಳಿ ಕೂದಲೇ ಹೆಚ್ಚು. ಮೊಬೈಲು ಸುಮ್ಮನಿರಿಸುವುದು ಹೇಗೆಂದು ತಿಳಿಯದ ಒಬ್ಬರು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಇರುತ್ತಾರೆ. ಸಂಜೆ ಟ್ರಾಫಿಕ್ಕಿನಲ್ಲಿ ಹಡ್ಸನ್ ವೃತ್ತ ದಾಟಿ ಬರುವಷ್ಟು ಆಸಕ್ತಿ ಎಳೆಯರಲ್ಲಿ ಇಲ್ಲವೆಂದು ದೂರುವುದು ಸುಲಭ. ಕೆಲಸದ ದಿನ ಸಂಜೆ ಹೊತ್ತಿಗೆ ಸರಿಯಾಗಿ ಬಂದು ಕೂರಲು ನಿವೃತ್ತರಿಗಲ್ಲದೆ ಯಾರಿಗೆ ಸಾಧ್ಯ, ಅದನ್ನೂ ಯೋಚಿಸಬೇಕು.

ನನಗೆ ಉಪನ್ಯಾಸಕ್ಕಿಂತ ಅದರ ಬಾಲ ಇಷ್ಟ. ವಂದನಾರ್ಪಣೆಗೆ ಮೊದಲು ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದಾಗ ಹಿಂದಿನ ಸಾಲಿನಿಂದ ಯಾರೋ ಎದ್ದು ನಿಲ್ಲುತ್ತಾರೆ. ಪ್ರಶ್ನೆ ಇರುವುದಿಲ್ಲ. ‘ನಮ್ಮೂರಲ್ಲಿ ಒಂದು ಕಲ್ಲಿದೆ’ ಎಂದು ಶುರು. ಊರ ಬಾಗಿಲಲ್ಲಿ, ಕತ್ತಿ ಹಿಡಿದ ಮನುಷ್ಯ, ಮೇಲೆ ಏನೋ ಅಕ್ಷರ, ತೆಲುಗಿನ ಹಾಗೆ ಕಾಣುತ್ತೆ, ಹೆಂಗಸರು ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರೆ. ಸಭೆಯಲ್ಲಿ ಕೆಲವರು ಗಡಿಯಾರ ನೋಡುತ್ತಾರೆ. ಆದರೆ ಕಲ್ಲು ಓದುವವರು ಆ ಮನುಷ್ಯನನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಊರು, ತಾಲ್ಲೂಕು, ದಾರಿ ಬರೆದುಕೊಳ್ಳುತ್ತಾರೆ. ರೈಸ್ ಸಾಹೇಬರ ಪುಸ್ತಕದಲ್ಲಿ ಇಲ್ಲದ ಎಷ್ಟೋ ಶಾಸನಗಳು ಬೆಳಕಿಗೆ ಬರುವುದು ಹೀಗೆ ‘ನಮ್ಮೂರಲ್ಲಿ’ ಎಂಬ ಒಂದು ಮಾತಿನಿಂದ.

ಹೆಬ್ಬಾಳದ ಕಿಟ್ಟಯ್ಯನ ಕಥೆ ಕೇಳಿ. 2018ರಲ್ಲಿ ಅಲ್ಲಿನ ಬೀದಿಯಲ್ಲಿ ಚರಂಡಿ ಅಗೆಯುವಾಗ ಎದ್ದ ಚಪ್ಪಡಿಯೊಂದು ಪಕ್ಕದಲ್ಲಿ ಬಿದ್ದಿತ್ತು. ಶಾಸನಾಸಕ್ತರ ಕಣ್ಣಿಗೆ ಬೀಳದಿದ್ದರೆ ಮತ್ತೆ ಚರಂಡಿಯ ಮುಚ್ಚಳವಾಗುತ್ತಿತ್ತು. ಓದಿ ನೋಡಿದರೆ ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ಪೆರ್ಬೊಳಲ್‌ನಾಡು ಮೂವತ್ತು ಎಂಬ ವಿಭಾಗದ ಹೆಸರು, ಕಾದಾಟದಲ್ಲಿ ಸತ್ತ ಕಿಟ್ಟಯ್ಯನ ಹೆಸರು. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ. ಬಾಯಿಂದ ಬಾಯಿಗೆ ಸವೆದು ಹೆಬ್ಬಾಳ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಇದು. ಕವಿರಾಜಮಾರ್ಗಕ್ಕಿಂತ ಹೆಚ್ಚುಕಡಿಮೆ ನೂರು ವರ್ಷ ಹಿರಿದು. ಮೇಲ್ಸೇತುವೆಯ ಕೆಳಗೆ ದಿನವೂ ಅರ್ಧ ಗಂಟೆ ಸಿಕ್ಕಿಬೀಳುವ ಹೆಬ್ಬಾಳಕ್ಕೆ ಹನ್ನೆರಡೂವರೆ ಶತಮಾನದ ವಿಳಾಸ ದೊರೆಯಿತು. ಊರವರು, ಆಸಕ್ತರು ಸೇರಿ ಕಲ್ಲಿಗೊಂದು ಮಂಟಪವನ್ನೂ ಕಟ್ಟಿಸಿದರು.

ಆ ಕಲ್ಲನ್ನು ಉಳಿಸಲು ಓಡಾಡಿದವರಲ್ಲಿ ಪಿ. ಎಲ್. ಉದಯಕುಮಾರ್ ಮುಖ್ಯರು, ಓದಿನಿಂದ ಎಂಜಿನಿಯರ್. 2021ರಲ್ಲಿ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಯೋಜನೆ ಕೈಗೆತ್ತಿಕೊಂಡಾಗ ಅದರ ಹೊಣೆ ಹೊತ್ತವರೂ ಅವರೇ. ಸಂಸ್ಥೆಯ ಬದುಕಿನಲ್ಲಿ ಡೇಲಿ ಹಾಲ್ ಕಟ್ಟಿದ್ದಕ್ಕಿಂತ ಇದು ದೊಡ್ಡ ಕೆಲಸ ಎಂದು ನನ್ನ ಎಣಿಕೆ.

ಹಿಂದೆ ಕಲ್ಲಿನ ಅಕ್ಷರವನ್ನು ಮನೆಗೆ ತರುತ್ತಿದ್ದದ್ದು ಪಡಿಯಚ್ಚಿನಿಂದ. ಕಲ್ಲನ್ನು ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ನೆನೆಸಿದ ಕಾಗದ ಹಾಸಿ, ಗಾಳಿ ಉಳಿಯದಂತೆ ಬಡಿದು ಅಕ್ಷರದ ಗುಳಿಗೆ ಇಳಿಸಬೇಕು. ಮೇಲೆ ಬಟ್ಟೆಯ ಉಂಡೆಯಲ್ಲಿ ಮಸಿ ತಟ್ಟಿದರೆ ಕಪ್ಪಿನ ನಡುವೆ ಬೆಳ್ಳಗೆ ಬರಹ ಏಳುತ್ತದೆ. ಕೈಹದ ಬೇಡುವ ಕೆಲಸ. ಮಳೆ ಹನಿದರೆ ಮುಗಿಯಿತು; ಸವೆದ ಅಕ್ಷರ ಕಾಗದದಲ್ಲೂ ಸವೆದೇ ಬರುತ್ತದೆ. ಸ್ಕ್ಯಾನರ್ ಕಲ್ಲನ್ನು ಮುಟ್ಟುವುದೇ ಇಲ್ಲ. ಬೆಳಕಿನ ಪಟ್ಟಿಗಳನ್ನು ಕಲ್ಲಿನ ಮೇಲೆ ಹಾಯಿಸಿ, ಅವು ಉಬ್ಬುತಗ್ಗುಗಳಲ್ಲಿ ಬಾಗುವುದನ್ನು ಅಳೆದು, ಇಡೀ ಮೈಯನ್ನು ಕಂಪ್ಯೂಟರಿನೊಳಗೆ ಮರಳಿ ಕಟ್ಟುತ್ತದೆ. ಆಮೇಲೆ ತೆರೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬಿಟ್ಟು ನೋಡಬಹುದು. ಬರಿಗಣ್ಣಿಗೆ ಬೋಳಾಗಿ ಕಂಡ ಜಾಗದಲ್ಲಿ ಒಂದು ಒತ್ತಕ್ಷರ ಎದ್ದು ನಿಲ್ಲುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಹಳೆಯ ಓದುಗಳು ಹೀಗೆ ತಿದ್ದಿಕೊಳ್ಳುತ್ತಿವೆ. ಶಾಸನಗಳಿಂದ ಬಿಡಿ ಅಕ್ಷರಗಳನ್ನು ಆಯ್ದು ಕಾಲವಾರು ತೋರಿಸುವ ‘ಅಕ್ಷರಭಂಡಾರ’ ಎಂಬ ತಂತ್ರಾಂಶವೂ ಇದೇ ಕೆಲಸದ ಫಲ. ಗಂಗರ ಕಾಲದ ‘ಅ’ ಹೇಗಿತ್ತು ಎಂದು ಪಂಡಿತರ ಮನೆ ಬಾಗಿಲು ಕಾಯಬೇಕಿಲ್ಲ.

ಅವಸರಕ್ಕೂ ಕಾರಣವಿದೆ. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಸಂಪುಟ ಹೊರತಂದಾಗ ಕಲ್ಲುಗಳಿದ್ದದ್ದು ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ. ಇಂದು ಆ ಹೊಲವಿಲ್ಲ, ಬದುವಿಲ್ಲ, ಹಲವೆಡೆ ಕೆರೆಯೂ ಇಲ್ಲ. ಪುಸ್ತಕ ಹಿಡಿದು ಹುಡುಕಿ ಹೋದವರಿಗೆ ಅಪಾರ್ಟ್‌ಮೆಂಟಿನ ಗೇಟು ಸಿಗುತ್ತದೆ. ಬಡಾವಣೆ ಕಟ್ಟುವವರಷ್ಟೇ ತಪ್ಪಿತಸ್ಥರಲ್ಲ, ಭಕ್ತರದೂ ಪಾಲಿದೆ. ನಾನು ಬಲ್ಲ ಒಂದು ಊರಿನ ಗುಡಿಯಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನವಿದ್ದ ಗೋಡೆಗೆ ಎಣ್ಣೆಬಣ್ಣ ಬಳಿದು ಮೇಲೆ ದಾನಿಗಳ ಪಟ್ಟಿ ಬರೆಸಿದ್ದಾರೆ. ಹಳೆಯ ದಾನಿಯ ಹೆಸರಿನ ಮೇಲೆ ಹೊಸ ದಾನಿಯ ಹೆಸರು. ಕೇಳಿದರೆ ‘ಅದು ಯಾರಿಗೂ ಓದಕ್ಕೆ ಬರ್ತಿರಲಿಲ್ಲ’ ಎಂಬ ಉತ್ತರ.

ಮಿಥಿಕ್ ಸೊಸೈಟಿಗೆ ಹೋಗಲು ಪಂಡಿತರಾಗಬೇಕಿಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಅದಕ್ಕೂ ಮುಂಚೆ ಬೇಗೂರಿನ ಕಲ್ಲನ್ನೂ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನದೇ ದೊಡ್ಡ ವೀರಗಲ್ಲನ್ನೂ ನೋಡಿ ಬಂದರೆ ಇನ್ನೂ ಒಳ್ಳೆಯದು. ನಿಮ್ಮ ಊರ ಬಾಗಿಲಲ್ಲಿ, ತೋಟದ ಮೂಲೆಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ ಬಳಿಯಬೇಡಿ, ಆಸಿಡ್ ಹಾಕಿ ತೊಳೆಯಬೇಡಿ, ಕಿತ್ತು ಬೇರೆಡೆ ನಿಲ್ಲಿಸಬೇಡಿ. ಬೆಳಗಿನ ಓರೆಬಿಸಿಲಿನಲ್ಲಿ ಒಂದು ಚಿತ್ರ ತೆಗೆದು, ಊರಿನ ಹೆಸರು ಬರೆದುಕೊಂಡು ಹೋಗಿ. ಪ್ರಶ್ನೋತ್ತರದ ಹೊತ್ತಿಗೆ ಎದ್ದು ನಿಂತು ‘ನಮ್ಮೂರಲ್ಲಿ ಒಂದು ಕಲ್ಲಿದೆ’ ಎನ್ನಿ.