ಮದ್ದು ಒಂದೇ, ಮೈ ಬೇರೆ

ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರಲ್ಲಿ ಒಬ್ಬನಿಗೆ ಹಿತವಾದ ಊಟ ಮತ್ತೊಬ್ಬನಿಗೆ ಅಜೀರ್ಣವಾಗುವುದನ್ನು ಯಾರು ಕಂಡಿಲ್ಲ? ಔಷಧದ ಮಾತೂ ಹಾಗೆಯೇ. ಒಬ್ಬನನ್ನು ಗುಣಪಡಿಸಿದ ಮದ್ದು ಇನ್ನೊಬ್ಬನನ್ನು ಸಂಕಟಕ್ಕೆ ದೂಡಬಲ್ಲುದು. ಈ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲೆಷ್ಟು ಎಂಬುದನ್ನು ಅರಸುವ ಶಾಸ್ತ್ರಕ್ಕೆ 1959ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫೋಗೆಲ್ ‘ಫಾರ್ಮಕೊಜೆನೆಟಿಕ್ಸ್’ ಎಂದು ಹೆಸರಿಟ್ಟರು. ಅದಕ್ಕೆ ನಿದರ್ಶನ ಹುಡುಕಲು ಕಡಲು ದಾಟಬೇಕಾಗಿಲ್ಲ. ತಲೆಮಾರುಗಳಿಂದ ಆರ್ಯವೈಶ್ಯ ಮನೆತನಗಳು ವ್ಯಾಪಾರ ನಡೆಸಿಕೊಂಡು ಬಂದಿರುವ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಪೇಟೆಬೀದಿಗಳೇ ಸಾಕು.

ಶಸ್ತ್ರಕ್ರಿಯೆಗೆ ಮುನ್ನ ರೋಗಿಯ ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕಾದಾಗ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವನ್ನು ಕೊಡುವುದುಂಟು. 1950ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಸಕ್ಸಿನೈಲ್‌ಕೋಲೀನ್ ಇಂಥದೊಂದು. ತುರ್ತು ಸಮಯದಲ್ಲಿ ಇದು ಬಹು ಉಪಯುಕ್ತ; ಕ್ಷಣಾರ್ಧದಲ್ಲಿ ಕೆಲಸಮಾಡಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಹಾಗೆ ಇಳಿಸುವುದು ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಯಕೃತ್ತಿನಲ್ಲಿ ಹುಟ್ಟುವ ಈ ಕಿಣ್ವವು ಔಷಧವನ್ನು ಒಡೆದುಹಾಕುತ್ತದೆ.

ಕಿಣ್ವವೇ ಇಲ್ಲದಿದ್ದರೆ? ಔಷಧದ ಪ್ರಭಾವ ನಿಮಿಷಗಳಿಗೆ ಬದಲು ಗಂಟೆಗಟ್ಟಲೆ ಉಳಿಯುತ್ತದೆ. ಎದೆಯ ಸ್ನಾಯುಗಳು ಕದಲವು. ಉಸಿರು ತಾನಾಗಿ ಬಾರದು. ಅರಿವಳಿಕೆ ಇಳಿದು ಪ್ರಜ್ಞೆ ಮರಳಿದರೂ ರೆಪ್ಪೆಯನ್ನು ಸಹ ಎತ್ತಲಾರದೆ ಮಲಗಿರುವ ರೋಗಿಯ ಭೀತಿಯನ್ನು ಊಹಿಸಬಹುದು. ಇಂಥವರನ್ನು ಪರೀಕ್ಷಿಸಿ, ಇದರ ಮೂಲ ವಂಶವಾಹಿಯಲ್ಲಿದೆಯೆಂದು 1950ರ ದಶಕದಲ್ಲಿ ತೋರಿಸಿದವರಲ್ಲಿ ಕೆನಡಾದ ವರ್ನರ್ ಕಾಲೋ ಪ್ರಮುಖರು.

ಜಗತ್ತಿನ ಬೇರೆಡೆಗಳಲ್ಲಿ ಅಪರೂಪವಾದ ಈ ಕೊರತೆ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಾಣುತ್ತದೆ. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯದ ಸಂಶೋಧಕರು ವಿದೇಶೀ ವಿಜ್ಞಾನಿಗಳೊಡಗೂಡಿ ಅದರ ಕಾರಣವನ್ನು ಪ್ರಕಟಿಸಿದರು: ಕಿಣ್ವದ ಸರಪಳಿಯ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದೆಡೆ ಪ್ರೋಲಿನ್ ಬಂದು ಕುಳಿತಿದೆ. ಮಣಿ ಒಂದು ಬದಲಾದರೆ ಸಾಕು, ಸರವೇ ಕೆಟ್ಟಿತು! 2017ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯೂ ಸೇರಿ ನಡೆಸಿದ ಅಧ್ಯಯನವು, ಈ ಸಮುದಾಯದಲ್ಲಿ ಕೊರತೆಯು ಇತರರಿಗಿಂತ ಸುಮಾರು 100 ಪಟ್ಟು ಹೆಚ್ಚೆಂದು ಹೇಳಿತು.

ಹೀಗೇಕೆ? ಬಹು ಹಿಂದೆ ಅಲ್ಪಸಂಖ್ಯೆಯ ಪೂರ್ವಜರಿಂದ ಬೆಳೆದು, ನೂರಾರು ವರ್ಷ ತಮ್ಮೊಳಗೇ ಕೊಟ್ಟು ತಂದ ಸಮುದಾಯದಲ್ಲಿ ಪೂರ್ವಜನೊಬ್ಬನ ವಂಶವಾಹಿ ಅನೇಕ ಮನೆಗಳಿಗೆ ಹರಡುತ್ತದೆ. ಗೋತ್ರ ನೋಡಿಯೇ ಸಂಬಂಧ ಬೆಳೆಸಿದರೂ ಇದು ತಪ್ಪದು. ಗೋತ್ರ ಬೇರೆಯಾದರೂ ಮೂಲದ ಬುಡ ಒಂದೇ ಆಗಿರಬಹುದು. ತಂದೆತಾಯಿ ಇಬ್ಬರಲ್ಲಿಯೂ ಕೆಟ್ಟ ಪ್ರತಿಯೊಂದು ಅಡಗಿದ್ದರೆ, ಪ್ರತಿ ಮಗುವಿಗೂ ಕೊರತೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದುದರಿಂದ ಒಬ್ಬರಲ್ಲಿ ಕಂಡುಬಂದರೆ ಒಡಹುಟ್ಟಿದವರೆಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಇದನ್ನು ರೋಗವೆಂದು ಕರೆಯುವುದು ಸಲ್ಲದು. ಕಿಣ್ವವಿಲ್ಲದವರು ಎಲ್ಲರಂತೆ ಉಂಡು, ದುಡಿದು, ಪೂರ್ಣಾಯುಷ್ಯ ಬಾಳುತ್ತಾರೆ. ಈ ಮದ್ದು ಮೈಸೇರುವ ತನಕ ಅವರಿಗೇ ಅದು ತಿಳಿದಿರುವುದಿಲ್ಲ. ಹೆಣ್ಣು ಕೊಡುವಾಗ ತರುವಾಗ ಮುಚ್ಚಿಡಬೇಕಾದ ಕಳಂಕವೂ ಇದರಲ್ಲಿಲ್ಲ.

ಸಿರುಗುಪ್ಪದ ಕಡೆಯ ಹೊಲಗದ್ದೆಗಳನ್ನು ನೆನೆದರೆ ಇನ್ನೊಂದು ಸೂಕ್ಷ್ಮ ಹೊಳೆಯುತ್ತದೆ. ಬೆಳೆಗೆ ಸಿಂಪಡಿಸುವ ರಂಜಕಯುಕ್ತ ಕೀಟನಾಶಕಗಳು ಮೈಸೇರಿದರೆ ಇದೇ ಕಿಣ್ವವನ್ನು ಕುಗ್ಗಿಸುತ್ತವೆ. ವಿಷಪ್ರಾಶನದ ಸಂಶಯ ಬಂದಾಗ ವೈದ್ಯರು ಅಳೆಯುವುದೂ ಇದನ್ನೇ. ಹುಟ್ಟಿನಿಂದಲೇ ಕಿಣ್ವ ಕಡಿಮೆಯಿರುವವನು ಬೇರಾವುದೋ ತಲೆಸುತ್ತಿಗಾಗಿ ಬಂದರೆ, ಅವನ ರಕ್ತಪರೀಕ್ಷೆಯ ಅಂಕಿ ಹಾದಿ ತಪ್ಪಿಸಬಹುದು.

ಪರಿಹಾರ ಕಠಿಣವಲ್ಲ. ಮುಂಚೆ ತಿಳಿದಿದ್ದರೆ ರೋಕ್ಯುರೋನಿಯಂ, ಅಟ್ರಾಕ್ಯುರಿಯಂಗಳಂಥ, ಈ ಕಿಣ್ವದ ಹಂಗಿಲ್ಲದ ಔಷಧಗಳನ್ನು ವೈದ್ಯರು ಆರಿಸಿಕೊಳ್ಳುತ್ತಾರೆ. ತಿಳಿಯದೆ ಕೊಟ್ಟಿದ್ದರೂ ಯಂತ್ರದಿಂದ ಉಸಿರಾಟ ನಡೆಸಿ, ಸ್ನಾಯುಗಳಿಗೆ ಬಲ ಮರಳುವವರೆಗೆ ರೋಗಿಯನ್ನು ನಿದ್ರೆಯಲ್ಲಿರಿಸಿದರೆ ಆತ ಸಂಪೂರ್ಣ ಚೇತರಿಸಿಕೊಳ್ಳುತ್ತಾನೆ.

ಆದರೆ ನಡುರಾತ್ರಿಯಲ್ಲಿ ಕುರುಗೋಡಿನಿಂದಲೋ ಸಿರುಗುಪ್ಪದಿಂದಲೋ ಬಳ್ಳಾರಿಯ ಆಸ್ಪತ್ರೆಗೆ ಧಾವಿಸುವ ತುಂಬುಗರ್ಭಿಣಿಗೆ ತನ್ನ ಮನೆತನದ ಕಥೆ ಹೇಳುವ ವ್ಯವಧಾನವೆಲ್ಲಿ? ಸಂಗಡ ಬಂದವರೇ ಹೇಳಬೇಕು. “ನಮ್ಮ ಚಿಕ್ಕಪ್ಪನವರಿಗೆ ಆಪರೇಷನ್ ಆದಮೇಲೆ ಬಹಳ ಹೊತ್ತು ಉಸಿರು ಬರಲಿಲ್ಲ” ಎಂಬ ಒಂದು ಮಾತು ಅರಿವಳಿಕೆ ತಜ್ಞರಿಗೆ ಸಾಕಷ್ಟು ತಿಳಿಸಿಬಿಡುತ್ತದೆ. ಪರೀಕ್ಷೆಯಲ್ಲಿ ಕೊರತೆ ಖಚಿತವಾಗಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆಯಿಸಿ ಜೇಬಿನಲ್ಲಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಮನೆತನದ ಆಸ್ತಿಪತ್ರಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಹಿರಿಯರು ಇದೊಂದು ಸಂಗತಿಯನ್ನೂ ಮಕ್ಕಳಿಗೆ ತಿಳಿಸಿಟ್ಟರೆ, ಒಂದು ಜೀವ ಉಳಿದೀತು.